ಲೆಕ್ಕದಣ್ಣನೂ ಫಾಸ್ಟ್‌ಟ್ರ್ಯಾಕ್ ಪಾಸೂ

ಹುಣಸೂರಿನ ಬಸ್ ಸ್ಟ್ಯಾಂಡಿನ ಹತ್ತಿರ ಟೀ ಕುಡಿಯುತ್ತ ನಿಂತವರಲ್ಲಿ ಒಬ್ಬ ಲೆಕ್ಕದಣ್ಣ ಇದ್ದೇ ಇರುತ್ತಾನೆ. ಪಿರಿಯಾಪಟ್ಟಣದಲ್ಲಿ ಇವನು ಗೊಬ್ಬರದಂಗಡಿಯ ಬೆಂಚಿನ ಮೇಲೆ ಸಿಗುತ್ತಾನೆ, ಕೆ.ಆರ್. ನಗರದಲ್ಲಿ ಅಕ್ಕಿ ಗಿರಣಿಯ ಜಗಲಿಯಲ್ಲಿ, ಎಚ್.ಡಿ. ಕೋಟೆಯಲ್ಲಿ ತಾಲ್ಲೂಕು ಕಚೇರಿಯ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ. ವಯಸ್ಸು ನಲವತ್ತೈದರ ಮೇಲೆ, ಅರವತ್ತರ ಒಳಗೆ. ಫೋನಿನಲ್ಲಿ ಕ್ಯಾಲ್ಕುಲೇಟರು ಇದೆ, ಆದರೆ ಲೆಕ್ಕ ನಡೆಯುವುದು ಎಡಗೈ ಬೆರಳಿನ ಗೆಣ್ಣುಗಳ ಮೇಲೆ. ದುಡ್ಡಿಲ್ಲದವನಲ್ಲ, ಬಿಚ್ಚದವನೂ ಅಲ್ಲ. ಕೊಟ್ಟ ದುಡ್ಡಿಗೆ ಪೂರ್ತಿ ಬಂತೋ ಇಲ್ಲವೋ ಎಂಬ ವಿಚಾರಣೆಯನ್ನು ಮಾತ್ರ ಯಾವತ್ತೂ ಮುಗಿಸದವನು.

ಈ ವಿಚಾರಣೆಗೆ ಇತ್ತೀಚೆಗೆ ಸಿಕ್ಕ ಮೊಕದ್ದಮೆ ಬಿಡದಿಯ ವಂಡರ್‌ಲಾದ ಫಾಸ್ಟ್‌ಟ್ರ್ಯಾಕ್ ಟಿಕೆಟ್ಟು.

ಪಿರಿಯಾಪಟ್ಟಣ ಕಡೆಯ ಒಬ್ಬ ಲೆಕ್ಕದಣ್ಣನನ್ನೇ ತೆಗೆದುಕೊಳ್ಳೋಣ. ಮಗಳದು ಸೆಕೆಂಡ್ ಪಿಯು ಪರೀಕ್ಷೆ ಮುಗಿದಿದೆ, ಮಗ ಐದನೇ ಕ್ಲಾಸು ಪಾಸು. ಮೈಸೂರಿನ ಜಿಆರ್‌ಎಸ್ ಫ್ಯಾಂಟಸಿ ಪಾರ್ಕು ಆಗಿದೆ, ದಸರಾ ವಸ್ತುಪ್ರದರ್ಶನದ ಜಯಂಟ್ ವ್ಹೀಲು ಆಗಿದೆ, ಇನ್ನು ವಂಡರ್‌ಲಾ ಆಗಲೇಬೇಕು ಅಂತ ಮನೆಯಲ್ಲಿ ತೀರ್ಮಾನವಾಗಿದೆ. ವಂಡರ್‌ಲಾ ಬಗ್ಗೆ ಅಣ್ಣನಿಗೆ ಗೌರವವೇನೋ ಇದೆ. 2000ದಲ್ಲಿ ಕೊಚ್ಚಿಯಲ್ಲಿ ವೀಗಾಲ್ಯಾಂಡ್ ಕಟ್ಟಿ, 2005ರಲ್ಲಿ ಬಿಡದಿಗೆ ಬಂದ ಕೊಚೌಸೇಫ್ ಚಿಟ್ಟಿಲಪ್ಪಿಳ್ಳಿ ಅವರು ವಿ-ಗಾರ್ಡ್ ಸ್ಟೆಬಿಲೈಸರ್ ಕಂಪನಿ ಶುರುಮಾಡಿದವರು. ಆ ಸ್ಟೆಬಿಲೈಸರು ಅಣ್ಣನ ಮನೆಯ ಗೋಡೆಯ ಮೇಲೂ ಇದೆ, ಕೆಟ್ಟಿಲ್ಲ. ಅಷ್ಟರ ಮಟ್ಟಿಗೆ ನಂಬಿಕೆ. ಆದರೆ ಟಿಕೆಟ್ಟಿನಲ್ಲಿ ಎರಡು ಜಾತಿ ಅಂತ ಮಗಳು ಹೇಳಿದಾಗ ಅವನ ಎಡಗೈ ತಾನಾಗಿ ಬಿಚ್ಚಿಕೊಂಡಿತು.

"ಫಾಸ್ಟ್‌ಟ್ರ್ಯಾಕ್ ಅಂದ್ರೆ ಏನವ್ವ?"

"ಕ್ಯೂ ನಿಲ್ಲಂಗಿಲ್ಲ ಅಪ್ಪಾಜಿ. ಬೇರೆ ಸಾಲು ಇರ್ತದೆ, ಬೇಗ ಹತ್‌ಬೋದು."

"ರೇಟು?"

"ಹೆಚ್ಚುಕಮ್ಮಿ ಡಬಲ್ಲು."

"ಜಾಸ್ತಿ ಹೊತ್ತು ಆಡುಸ್ತಾರಾ?"

"ಇಲ್ಲ. ಅದೇ ಆಟ."

"ಊಟ ಗೀಟ?"

"ಇಲ್ಲ ಅಪ್ಪಾಜಿ."

"ಹಂಗಾದ್ರೆ ಮಿಕ್ಕಿದ್ದರ್ಧ ದುಡ್ಡು ಯಾತುಕ್ಕೆ?"

"ನಿಲ್ದೇ ಇರಾದುಕ್ಕೆ."

ನಿಲ್ಲದೇ ಇರುವುದಕ್ಕೆ ದುಡ್ಡು! ಇದು ಅವನಿಗೆ ಅರ್ಥವಾಗದ್ದಕ್ಕೆ ಕಾರಣ ಅವನ ಕಸುಬಿನಲ್ಲೇ ಇದೆ. ಹುಣಸೂರು, ಪಿರಿಯಾಪಟ್ಟಣ, ಕೋಟೆ ಅಂದರೆ ವರ್ಜೀನಿಯಾ ಹೊಗೆಸೊಪ್ಪಿನ ಸೀಮೆ. ಸೊಪ್ಪು ಮುರಿದು ಬ್ಯಾರನ್ನಿಗೆ ಏರಿಸಿದರೆ ಐದಾರು ದಿನ, ರಾತ್ರಿಯೂ ಎದ್ದೆದ್ದು ಶಾಖ ನೋಡುತ್ತ ಕೂರಬೇಕು. ಆಮೇಲೆ ಗ್ರೇಡು ಮಾಡಿ, ಬೇಲು ಕಟ್ಟಿ, ತಂಬಾಕು ಮಂಡಳಿಯವರು ಹೇಳಿದ ದಿನಕ್ಕೆ ಕಂಪಲಾಪುರಕ್ಕೋ ಕಟ್ಟೆಮಳಲವಾಡಿಗೋ ಚಿಲ್ಕುಂದಕ್ಕೋ ಸಾಗಿಸಬೇಕು. ಕರ್ನಾಟಕದಲ್ಲಿ ಮಂಡಳಿಯ ಹರಾಜು ಶುರುವಾಗಿದ್ದು 1984ರಲ್ಲಿ. ಅವತ್ತಿನಿಂದ ಇವತ್ತಿನವರೆಗೆ ಅಲ್ಲಿ ಬೇಲು ಸಾಲಿನಲ್ಲಿ, ರೈತ ಬೇಲಿನ ಪಕ್ಕದಲ್ಲಿ. ಮೊದಲು ಮಾರಿದವನಿಗೇ ಒಳ್ಳೆ ರೇಟು ಅನ್ನುವ ಗ್ಯಾರಂಟಿಯೂ ಇಲ್ಲ. ಒಂದು ವರ್ಷ ಮುಂಚೆ ಹೋದವನು ಗೆಲ್ಲುತ್ತಾನೆ, ಇನ್ನೊಂದು ವರ್ಷ ತಡಮಾಡಿದವನು. ಹಾಗಾಗಿ ಮುಂದೆ ಹೋಗುವುದೇ ಲಾಭ ಎಂದು ಹರಾಜಿನ ಪ್ಲಾಟ್‌ಫಾರಂ ಕಂಡ ಮನುಷ್ಯನಿಗೆ ಸುಲಭದಲ್ಲಿ ಒಪ್ಪಿಸಲಾಗದು.

ಹಾಗಂತ ಸಾಲು ಹಾರಲು ಅವನು ಯಾವತ್ತೂ ದುಡ್ಡು ಕೊಟ್ಟಿಲ್ಲವೇ? ಈ ಪ್ರಶ್ನೆ ಎತ್ತಿದವಳು ಹೆಂಡತಿ.

ತಿರುಪತಿಯಲ್ಲಿ ಮುನ್ನೂರು ರೂಪಾಯಿ ದರ್ಶನದ ಟಿಕೆಟ್ಟು ತೆಗೆದುಕೊಂಡದ್ದು ಯಾರು? ಹಾಸನಾಂಬೆಗೆ ಹೋದಾಗ ಮುನ್ನೂರರ ಸಾಲು ಉದ್ದ ಇದೆ ಅಂತ ಸಾವಿರದ್ದನ್ನು ಕೊಂಡದ್ದು ಯಾರು? 2025ರ ಆಷಾಢದ ಶುಕ್ರವಾರ ಚಾಮುಂಡಿಬೆಟ್ಟದಲ್ಲಿ ಎರಡು ಸಾವಿರದ ಟಿಕೆಟ್ಟು ಬಂದಾಗ ರಾತ್ರಿಯೆಲ್ಲ ಯೋಚನೆ ಮಾಡಿ, ಕೊನೆಗೆ ಮೆಟ್ಟಿಲು ಹತ್ತಿದ್ದು ಯಾರು? ದಸರಾ ಗೋಲ್ಡ್ ಕಾರ್ಡು 6,500 ರೂಪಾಯಿ ಅಂತ ಪೇಪರಿನಲ್ಲಿ ಓದಿ, "ಇಬ್ರಿಗೆ ಹದಿಮೂರು ಸಾವ್ರ, ಆನೆ ನಮ್ಮ ಮನೆ ಮುಂದ್ಲಿಂದ್ಲೇ ಹೋಯ್ತದಾ?" ಅಂದದ್ದು ಯಾರು?

"ಅದು ದೇವ್ರು ಕಣೇ," ಅಂದ ಅಣ್ಣ.

"ದಸರಾ ಆನೆಯೂವೆ ದೇವ್ರಾ?"

"ಅಂಬಾರೀಲಿ ತಾಯಿ ಕೂತಿರ್ತಾಳಲ್ಲ."

ಇದಕ್ಕೆ ಹೆಂಡತಿಯ ಬಳಿ ಉತ್ತರವಿರಲಿಲ್ಲ. ಪುಣ್ಯವನ್ನು ಜಮೆಯ ಕಡೆ ಬರೆದುಕೊಂಡರೆ ಪ್ರಪಂಚದ ಯಾವ ಪಾಸೂ ನಷ್ಟವಲ್ಲ. ವಂಡರ್‌ಲಾದ ಕಷ್ಟವೆಂದರೆ ಅಲ್ಲಿ ಪುಣ್ಯವಿಲ್ಲ, ಬರೀ ನಿಮಿಷಗಳಿವೆ.

ನಿಮಿಷದ ಲೆಕ್ಕವನ್ನು ಅವನು ಗೊಬ್ಬರದಂಗಡಿಯಲ್ಲಿ ಯೂರಿಯಾ ಚೀಲದ ಮೇಲೆ ಬಳಪದಲ್ಲಿ ಬರೆದು ತೋರಿಸಿದ. ಒಂದು ರೈಡಿನಲ್ಲಿ 24 ಸೀಟು ಅನ್ನಿ, ಒಂದು ಸುತ್ತಿಗೆ ಹತ್ತಿಸಿ ಇಳಿಸುವುದೂ ಸೇರಿ ನಾಲ್ಕು ನಿಮಿಷ ಅನ್ನಿ. ಮುಂದೆ 240 ಜನ ನಿಂತಿದ್ದರೆ ಹತ್ತು ಸುತ್ತು, ನಲವತ್ತು ನಿಮಿಷ. ಈಗ ಪ್ರತಿ ಸುತ್ತಿನಲ್ಲೂ ಅರ್ಧ ಸೀಟು ಪಾಸಿನವರಿಗೆ ಬಿಟ್ಟುಕೊಡಿ. ಮಾಮೂಲಿನವನಿಗೆ ಇಪ್ಪತ್ತು ಸುತ್ತು, ಎಂಬತ್ತು ನಿಮಿಷ. "ರೈಡು ಒಂದು ಸುತ್ತೂ ಜಾಸ್ತಿ ತಿರುಗ್ಲಿಲ್ಲ ನೋಡಿ. ನಾ ಉಳಿಸಿದ ನಿಮಿಷ ಇನ್ನೊಬ್ಬನ ತಲೆ ಮೇಲೆ ಹೋಯ್ತು. ನಾ ಪಾಸ್ ತಗಂದ್ರೆ ಅಂವ ಕಾಯ್ತನೆ, ಅಂವ ತಗಂದ್ರೆ ನಾ ಕಾಯ್ತೀನಿ. ಇಬ್ರೂ ತಗಂದ್ರೆ?"

ಇಬ್ಬರೂ ತಗೊಂಡರೆ ಏನಾಗುತ್ತದೆ ಅನ್ನುವುದನ್ನು ನಮ್ಮ ಹೆದ್ದಾರಿಗಳೇ ತೋರಿಸಿಕೊಟ್ಟಿವೆ. ಫಾಸ್ಟ್ಯಾಗ್ ಇನ್ನೂ ಎಲ್ಲರಿಗೂ ಬಾರದಿದ್ದ ಕಾಲದಲ್ಲಿ ಟೋಲಿನ ಆ ಒಂದು ಲೇನಿನಲ್ಲಿ ಸೊಯ್ಯನೆ ಹೋಗುವವನು ಪಕ್ಕದ ಲೇನುಗಳ ಕಡೆ ಒಮ್ಮೆ ನೋಡಿಯೇ ಹೋಗುತ್ತಿದ್ದ. 2021ರ ಫೆಬ್ರುವರಿಯಲ್ಲಿ ಅದು ಎಲ್ಲರಿಗೂ ಕಡ್ಡಾಯವಾಯಿತು. ಟೋಲು ಬೇಗ ದಾಟುವುದೇನೋ ನಿಜ, ಆ ನೋಟ ಹೋಯಿತು. ಹಾಸನಾಂಬೆಯ ಸಾವಿರದ ಸಾಲೂ ಜನಜಂಗುಳಿಯ ದಿನ ಹೀಗೇ ಬೆಳೆದು, ಒಳಗಿದ್ದವರು ಪಕ್ಕದ ಮುನ್ನೂರರ ಸಾಲನ್ನು ಆಸೆಯಿಂದ ನೋಡಿದ್ದುಂಟು. ಪಾಸಿನ ಬೆಲೆ ಪಾಸಿನಲ್ಲಿ ಬರೆದಿರುವುದಿಲ್ಲ, ಅವತ್ತು ಅದನ್ನು ಕೊಳ್ಳದೆ ಬಂದವರು ಎಷ್ಟು ಜನ ಅನ್ನುವುದರಲ್ಲಿರುತ್ತದೆ. ಲೆಕ್ಕದಣ್ಣನಿಗೆ ಇದು ಶಾಸ್ತ್ರ ಓದದೇ ಗೊತ್ತಿತ್ತು.

ಫ್ಲಾರಿಡಾದಲ್ಲಿರುವ, ಲೆಕ್ಕದಣ್ಣನ ಸ್ವಂತ ಅಣ್ಣನ ಮಗ ವಾಟ್ಸಾಪಿನಲ್ಲಿ ಬೇರೆ ಕಥೆ ಹೇಳಿದ. ಡಿಸ್ನಿಯವರು 1999ರಲ್ಲಿ ಫಾಸ್ಟ್‌ಪಾಸ್ ತಂದಾಗ ಅದು ಪುಕ್ಕಟೆ. ಮಿಷನ್ನು ಇಂಥ ಹೊತ್ತಿಗೆ ಬಾ ಅಂತ ಚೀಟಿ ಕೊಡುತ್ತಿತ್ತು, ಅಷ್ಟರಲ್ಲಿ ಬೇರೆ ಕಡೆ ಅಡ್ಡಾಡಿಕೊಂಡು ಬರಬಹುದಿತ್ತು. 2021ರಲ್ಲಿ ಅದನ್ನು ತೆಗೆದು ದುಡ್ಡಿನ ಪಾಸು ಮಾಡಿದರು. "ಮೊದ್ಲು ಅಭ್ಯಾಸ ಮಾಡ್ಸಿ ಆಮೇಲೆ ರೇಟು ಕಟ್ಟವ್ರೆ," ಅಂದ ಅಣ್ಣ. ಅಮೆರಿಕದ ಬಗ್ಗೆ ಅವನ ಅಭಿಪ್ರಾಯ ಇದಕ್ಕಿಂತ ಮುಂದೆ ಬೆಳೆಯಲಿಲ್ಲ.

ಕೊನೆಗೆ ಹೊರಟರು, ಅದೂ ಭಾನುವಾರ. ಬುಧವಾರ ಹೋದರೆ ಟಿಕೆಟ್ಟೂ ಅಗ್ಗ, ಸಾಲೂ ಕಮ್ಮಿ ಅಂತ ಅಣ್ಣ ಬಡಕೊಂಡ. ಆದರೆ ಬೆಂಗಳೂರಿನ ಬಾಮೈದನಿಗೆ ರಜ ಇರುವುದು ಭಾನುವಾರವೇ. ಪ್ರಯಾಣದಲ್ಲಾದರೂ ಉಳಿಸಬೇಕೆಂದು ಅವನು ಮಾಡಿದ ಏರ್ಪಾಡು ಪಿರಿಯಾಪಟ್ಟಣದಲ್ಲಿ ಇವತ್ತಿಗೂ ಮಾತಿನ ವಸ್ತು: 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಕೆಂಪು ಬಸ್ಸು ಪುಕ್ಕಟೆ ತಾನೆ? ಹೆಂಡತಿ, ಮಗಳು, ತಂಗಿ ಮೂವರೂ ಆಧಾರ್ ಕಾರ್ಡು ಹಿಡಿದು ಬಸ್ಸಿನಲ್ಲಿ. ಅಣ್ಣ ಮತ್ತು ಮಗ ಬುತ್ತಿಯ ಜೊತೆ ಹಳೇ ಮಾರುತಿಯಲ್ಲಿ. ಕಾರಿನ ಹಿಂದಿನ ಸೀಟು ಖಾಲಿ ಹೋಯಿತಲ್ಲ ಅಂತ ಕೇಳಿದವರಿಗೆ, "ಮೂರು ಜನದ ತೂಕ ಕಮ್ಮಿಯಾದ್ರೆ ಪೆಟ್ರೋಲು ಉಳೀತದೆ," ಎಂಬ ಉತ್ತರ ಸಿದ್ಧವಿತ್ತು.

ಬಾಗಿಲಲ್ಲಿ ಮೊದಲ ಪೆಟ್ಟು. ಹೊರಗಿನ ಊಟ ಒಳಗೆ ಬಿಡುವುದಿಲ್ಲ. ಚಿತ್ರಾನ್ನ, ಚಕ್ಕುಲಿ, ಕಜ್ಜಾಯ ಎಲ್ಲ ವಾಪಸು ಕಾರಿಗೆ.

ಎರಡನೆಯದು ಮಗನ ಎತ್ತರ. ಬಸ್ಸಿನಲ್ಲಿ ಮಕ್ಕಳ ಟಿಕೆಟ್ಟು ವಯಸ್ಸಿನ ಮೇಲೆ. ಲೆಕ್ಕದಣ್ಣಂದಿರ ಮಕ್ಕಳು ಸಾರಿಗೆ ಸಂಸ್ಥೆಯ ದಾಖಲೆಯಲ್ಲಿ ಎರಡು ಮೂರು ವರ್ಷ ಐದರಲ್ಲೇ ನಿಂತಿರುತ್ತಾರೆ. ವಂಡರ್‌ಲಾದಲ್ಲಿ ವಯಸ್ಸು ಕೇಳುವುದಿಲ್ಲ, ಅಳೆಯುತ್ತಾರೆ. 85 ಸೆಂಟಿಮೀಟರಿನೊಳಗೆ ಪುಕ್ಕಟೆ, ಅಲ್ಲಿಂದ 140ರವರೆಗೆ ಮಕ್ಕಳ ಟಿಕೆಟ್ಟು, ಅದರ ಮೇಲೆ ದೊಡ್ಡವರದು. ಮಗ ಸರಿಯಾಗಿ ಗೀಟಿನ ಮೇಲಿದ್ದ. ಹಿಂದಿನ ವಾರವೇ ಮನೆಯ ಬಾಗಿಲವಾಡಕ್ಕೆ ಒರಗಿಸಿ ನೋಡಿ, ಕೂದಲು ಸಣ್ಣಗೆ ಕತ್ತರಿಸಿ ತಯಾರು ಮಾಡಿದ್ದಾಗಿತ್ತು. ಮಕ್ಕಳ ಟಿಕೆಟ್ಟು ಸಿಕ್ಕಿತು. ಅಣ್ಣ ಗೆದ್ದ. ಆ ಗೆಲುವಿಗೆ ಅರ್ಧ ಗಂಟೆಯೂ ಆಯುಸ್ಸಿರಲಿಲ್ಲ. ಜೋರು ರೈಡುಗಳ ಬಾಗಿಲಲ್ಲೂ ಒಂದೊಂದು ಗೀಟಿತ್ತು, ಅಲ್ಲಿ ಮಗ ಎತ್ತರ ಸಾಲದೆ ಹೊರಗುಳಿದ. ಅಲ್ಲಿ ಬಗ್ಗಿ ನಿಲ್ಲು ಅಂದ ಅಪ್ಪನೇ ಇಲ್ಲಿ ಹಿಮ್ಮಡಿ ಎತ್ತು ಅನ್ನುವುದನ್ನು ಕೇಳಿ ಹುಡುಗನಿಗೆ ಅಳುವೇ ಬಂತು.

ಬಾಮೈದ ತನಗೂ ಸೊಸೆಗೂ ಫಾಸ್ಟ್‌ಟ್ರ್ಯಾಕ್ ತೆಗೆಸಿದ್ದ (ನಮ್ಮ ಕಡೆ ಅಕ್ಕನ ಮಗಳು ಸೊಸೆಯೇ). ಅಣ್ಣನದು ಮಾಮೂಲಿ. ಆಮೇಲೆ ನಡೆದದ್ದನ್ನು ಇಬ್ಬರೂ ತಮ್ಮತಮ್ಮ ಗೆಲುವೆಂದೇ ಹೇಳಿಕೊಳ್ಳುತ್ತಾರೆ.

ಬಾಮೈದ ಮತ್ತು ಹುಡುಗಿ ಇಕ್ವಿನಾಕ್ಸು, ಹರಿಕೇನು, ಮ್ಯಾವರಿಕ್ಕು ಅಂತ ಒಂದರ ಮೇಲೊಂದು ಹತ್ತಿ ಇಳಿದರು. ಮುಂದಕ್ಕೆ ಹೋಗಿ, ಲೂಪು ಹೊಡೆದು, ಅದೇ ದಾರಿಯಲ್ಲಿ ಹಿಮ್ಮುಖವಾಗಿ ಬರುವ ರಿಕಾಯಿಲ್ ಎಂಬ ರೋಲರ್ ಕೋಸ್ಟರಿನಿಂದ ಇಳಿಯುವ ಹೊತ್ತಿಗೆ ಬಾಮೈದನ ಮುಖದಲ್ಲಿ ಬಣ್ಣವಿರಲಿಲ್ಲ. ಸಾಲಿನಲ್ಲಿ ನಿಲ್ಲುವವನಿಗೆ ಒಂದು ರೈಡಿಗೂ ಇನ್ನೊಂದು ರೈಡಿಗೂ ನಡುವೆ ಹೊಟ್ಟೆ ತನ್ನ ಜಾಗಕ್ಕೆ ಬಂದು ಕೂರಲು ಸಮಯ ಸಿಗುತ್ತದೆ. ಪಾಸಿನವನಿಗೆ ಆ ಸೌಕರ್ಯವಿಲ್ಲ. ಮಧ್ಯಾಹ್ನವೆಲ್ಲ ಅವನು ನೆರಳಿನಲ್ಲಿ ಕೂತು, ಎಲ್ಲರ ಚಪ್ಪಲಿ ಕಾಯ್ದ. ಹುಡುಗಿ ಮಾತ್ರ ರಿಕಾಯಿಲ್‌ನ ಸಾಲು ಎಷ್ಟಿದೆ ಅಂತ ಮತ್ತೆ ನೋಡಲು ಹೋದಳು; ಹದಿನೆಂಟರ ಹೊಟ್ಟೆಗೆ ಪಾಸು ದಂಡವಲ್ಲ.

ಅಣ್ಣ ಅಷ್ಟರಲ್ಲಿ ಒಂದೇ ರೈಡು ಹತ್ತಿದ್ದ. ಆದರೆ ಆ ಸಾಲಿನಲ್ಲಿ ಮುಂದೆ ನಿಂತವರು ಸಾಲಿಗ್ರಾಮದ ಕಡೆಯವರು, ಹಿಂದೆ ನಿಂತವರು ಸರಗೂರಿನವರು. ಭಾನುವಾರ ವಂಡರ್‌ಲಾದಲ್ಲಿ ಮೈಸೂರು ಜಿಲ್ಲೆಯವರು ಸಿಗದಿದ್ದರೆ ಆಶ್ಚರ್ಯ. ಶುಂಠಿ ಅರವತ್ತು ಕೇಜಿ ಚೀಲಕ್ಕೆ ಎಷ್ಟು ನಡೆಯುತ್ತಿದೆ, ಈ ಸಲ ಬಿತ್ತನೆ ಶುಂಠಿ ಯಾರು ಇಟ್ಟುಕೊಂಡಿದ್ದಾರೆ, ಕಬಿನಿ ನಾಲೆಗೆ ನೀರು ಯಾವಾಗ ಬಿಟ್ಟಾರು ಅನ್ನುವುದೆಲ್ಲ ಅಲ್ಲೇ ಗೊತ್ತಾಯಿತು. ಸರಗೂರಿನವರ ಮಗ ಬಿಇ ಓದುತ್ತಿದ್ದಾನೆ, ಜಾತಕವೂ ಇದೆ ಅನ್ನುವಷ್ಟರಲ್ಲಿ ಸರದಿ ಬಂದುಬಿಟ್ಟಿತು. ಇನ್ನೊಂದು ಹತ್ತು ನಿಮಿಷ ಸಾಲು ಇದ್ದಿದ್ದರೆ ಅಂತ ಅಣ್ಣ ಪೇಚಾಡಿದ.

ಹೆಂಗಸರಿಬ್ಬರಿಗೆ ಈ ಯಾವ ಲೆಕ್ಕವೂ ತಟ್ಟಲಿಲ್ಲ. ಅತ್ತಿಗೆ ನಾದಿನಿ ಸೇರಿ ನೈಲಾನ್ ಬಟ್ಟೆ ಹಾಕಿಕೊಂಡು ಅಲೆಯ ಕೊಳಕ್ಕೆ ಇಳಿದವರು ಸಂಜೆಯವರೆಗೆ ಮೇಲೆ ಬರಲಿಲ್ಲ. ಎತ್ತರದ ಚಿಂತೆ ಮರೆತು ಹುಡುಗನೂ ಅವರ ಜೊತೆಗೇ ಸೇರಿಕೊಂಡ. ಕೊಳಕ್ಕೆ ಸಾಲಿಲ್ಲ. ಇಳಿಯುವುದು, ಅಲೆ ಬಂದಾಗ ಕೂಗುವುದು, ಇಷ್ಟೇ. ನಮ್ಮ ಕಡೆಯ ಸಂಸಾರಗಳು ಇಂಥ ಪಾರ್ಕುಗಳಲ್ಲಿ ದಿನದ ಬಹುಪಾಲು ಕಳೆಯುವುದು ನೀರಿನಲ್ಲೇ. ಹಾಗಿರುವಾಗ ಮನೆಮಂದಿಗೆಲ್ಲ ಫಾಸ್ಟ್‌ಟ್ರ್ಯಾಕ್ ಕೊಳ್ಳುವುದು ಶುದ್ಧ ದಂಡ. ಬೇಸಿಗೆ ರಜೆಯ ಭಾನುವಾರವಾಗಿದ್ದು, ಮಕ್ಕಳು ಗೀಟು ದಾಟಿದ್ದು, ಜೋರು ರೈಡುಗಳ ಮೇಲೇ ಕಣ್ಣಿದ್ದರೆ ಆ ಮಕ್ಕಳಿಗಷ್ಟೇ ಕೊಡಿಸಬಹುದು. ಶಾಲೆ ನಡೆಯುವ ದಿನ ಹೋಗುವವರಿಗೆ ಅದರ ಸುದ್ದಿಯೇ ಬೇಡ.

ಅಣ್ಣನನ್ನು ಈಗ ಯಾರಾದರೂ ಕೇಳಿದರೆ ಇದೇ ಸಲಹೆ ಕೊಡುತ್ತಾನೆ, ಅದೂ ಪುಕ್ಕಟೆಯಾಗಿ. ಆದರೆ ಪಾಸುಗಳ ವಿಷಯದಲ್ಲಿ ಅವನು ಕಲ್ಲುಮನಸ್ಸಿನವನೆಂದು ತಿಳಿಯಬಾರದು. 2025ರ ಆಗಸ್ಟ್ 15ರಿಂದ ಫಾಸ್ಟ್ಯಾಗ್ ವಾರ್ಷಿಕ ಪಾಸು ಬಂತಲ್ಲ, ಆಗ ಮೂರು ಸಾವಿರಕ್ಕೆ ಒಂದು ವರ್ಷ ಅಥವಾ ಇನ್ನೂರು ಟ್ರಿಪ್ಪು, ಯಾವುದು ಮೊದಲೋ ಅದು. ಟ್ರಿಪ್ಪಿಗೆ ಹದಿನೈದು ರೂಪಾಯಿ ಬೀಳುತ್ತದೆಂದು ಗೆಣ್ಣು ಹೇಳಿದ ತಕ್ಷಣ ಹಿಂದೆಮುಂದೆ ನೋಡದೆ ತೆಗೆದುಕೊಂಡ. ಆಮೇಲೆ ಕೂತು ಲೆಕ್ಕ ಹಾಕಿದಾಗ ಗೊತ್ತಾದದ್ದು: ಬೆಂಗಳೂರಿಗೆ ಹೋಗಿಬಂದರೆ ಎಕ್ಸ್‌ಪ್ರೆಸ್‌ವೇಯಲ್ಲಿ ನಾಲ್ಕು ಸಲ ಟೋಲು ದಾಟಿದಂತಾಗುತ್ತದೆ, ಇನ್ನೂರು ಮುಗಿಯಬೇಕಾದರೆ ಹೆಚ್ಚುಕಮ್ಮಿ ವಾರಕ್ಕೊಂದು ಸಲ ಬೆಂಗಳೂರಿಗೆ ಹೋಗಬೇಕು. ಬೆಂಗಳೂರಿನಲ್ಲಿ ಅವನಿಗೆ ಬಾಮೈದನ ಮನೆ ಬಿಟ್ಟರೆ ಬೇರೆ ಕೆಲಸವಿಲ್ಲ.

"ಈ ಭಾನುವಾರ ಬರ್ತಾ ಇದೀವಿ ಕಣಯ್ಯ," ಅಂತ ಫೋನು ಹೋದಾಗಲೆಲ್ಲ ಬಾಮೈದ ಕೇಳುವುದು ಒಂದೇ ಮಾತು: "ಇನ್ನೆಷ್ಟು ಟ್ರಿಪ್ ಉಳಿದವೆ ಭಾವ?"