ಮಿಲ್ವಾಕಿಯ ಲೆಕ್ಕ, ಮಾರಿಕುಪ್ಪಂ ರೈಲು

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಜೂನ್‌ನಲ್ಲಿ ಆಟ ಮುಗಿಸುತ್ತದೆ. ರಾಬರ್ಟ್‌ಸನ್‌ಪೇಟೆಯ ನಮ್ಮ ಮನೆಯಲ್ಲಿ ಅದು ಶುರುವಾಗುವುದೇ ಆಮೇಲೆ. ಅಕ್ಕನ ಮಗ ನಮ್ಮಲ್ಲೇ ಇದ್ದುಕೊಂಡು ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುತ್ತಾನೆ. ಚೆಂಡು ಹಿಡಿದು ಓಡಿದ್ದನ್ನು ನಾನಂತೂ ಕಂಡಿಲ್ಲ. ಆದರೆ ಯಾವ ತಂಡದಲ್ಲಿ ಯಾರಿಗೆಷ್ಟು ಸಂಬಳ, ಯಾರ ಕರಾರು ಯಾವ ವರ್ಷ ಮುಗಿಯುತ್ತದೆ, ಎಲ್ಲ ಬಾಯಿಪಾಠ. ನಿನ್ನ ಪಿಎಫ್‌ನಲ್ಲಿ ಎಷ್ಟಿದೆಯೋ ಎಂದು ಕೇಳಿದರೆ ಮಾತ್ರ "ನೋಡ್ಬೇಕು ಮಾಮ" ಅನ್ನುತ್ತಾನೆ.

ಕರಾರು ಮುಗಿದ ಆಟಗಾರರ ಸಂತೆ ಅಲ್ಲಿ ಜೂನ್ 30ರ ಸಂಜೆ ಆರಕ್ಕೆ ತೆರೆಯುತ್ತದೆ. ನಮಗೆ ಆಗ ಜುಲೈ 1ರ ಬೆಳಗಿನ ಜಾವ ಮೂರೂವರೆ. ಬೇರೆ ಊರಿನವರಿಗೆ ಅದು ನಿದ್ದೆಗೇಡು. ಮಾರಿಕುಪ್ಪಂ ರೈಲು ಹಿಡಿಯುವವರಿಗೆ ಏನೂ ಅಲ್ಲ. "ಹೇಗೂ ಏಳೋ ಹೊತ್ತೇ ಅಲ್ವಾ" ಎಂದು 2025ರಲ್ಲೂ ಎದ್ದು ಕೂತ. ಬಚ್ಚಲಲ್ಲಿ ನೀರು ಕಾಯುತ್ತಿತ್ತು, ಇವನು ಫೋನ್ ಹಿಡಿದು ಹಜಾರದಲ್ಲಿ ಅಡ್ಡಾಡುತ್ತಿದ್ದ. ಮನೆಯಲ್ಲಿ ಹೆರಿಗೆಯಿದ್ದಾಗಲೂ ನಮ್ಮ ಭಾವ ಹೀಗೆ ಅಡ್ಡಾಡಿದವರಲ್ಲ.

ರೈಲಿನಲ್ಲಿ ಪಾಠ ಆಯಿತು. ಚಾಂಪಿಯನ್ ಸ್ಟೇಷನ್ನಿನಲ್ಲಿ ಶುರುವಾದದ್ದು ಊರ್ಗಾಂ, ಕೋರಮಂಡಲ್ ದಾಟಿದರೂ ಪೀಠಿಕೆಯಲ್ಲೇ ಇತ್ತು. ಒಂದು ತಂಡ ತನ್ನ ಆಟಗಾರರಿಗೆಲ್ಲ ಸೇರಿ ಇಷ್ಟೇ ಸಂಬಳ ಕೊಡಬೇಕೆಂದು ಲೀಗ್ ಮಿತಿ ಹಾಕಿದೆ. 1984-85ರಲ್ಲಿ ಅದು 36 ಲಕ್ಷ ಡಾಲರ್ ಇತ್ತು, 2025-26ಕ್ಕೆ 15.46 ಕೋಟಿ ಡಾಲರ್ ಆಯಿತು. ಮಿತಿ ಅಂದಮೇಲೆ ದಾಟಬಾರದಲ್ಲವೇ? ದಾಟಬಹುದು. ತನ್ನದೇ ಹಳೆಯ ಆಟಗಾರನನ್ನು ಉಳಿಸಿಕೊಳ್ಳಲು ದಾಟುವುದಾದರೆ ಲ್ಯಾರಿ ಬರ್ಡ್ ಎಂಬ ಆಟಗಾರನ ಹೆಸರಿನಲ್ಲಿ ರಿಯಾಯಿತಿಯೇ ಇದೆ. ಹಾಗೆ ದಾಟುತ್ತ ದಾಟುತ್ತ, ಆ ವರ್ಷದ ಲೆಕ್ಕದಲ್ಲಿ, 18.79 ಕೋಟಿಗಿಂತ ಮೇಲೆ ಹೋದರೆ ದಂಡದ ತೆರಿಗೆ. ಅದರಾಚೆ ಮೊದಲನೇ ಏಪ್ರನ್ ಎಂಬ ಇನ್ನೊಂದು ಗೆರೆ, ಆಮೇಲೆ 20.78 ಕೋಟಿಗೆ ಎರಡನೇ ಏಪ್ರನ್. ಇದನ್ನೂ ಮೀರಿದವರಿಗೆ ಬರೀ ದಂಡ ಹಾಕಿ ಬಿಡುವುದಿಲ್ಲ, ಕೈಯನ್ನೇ ಕಟ್ಟುತ್ತಾರೆ: ಇಬ್ಬರು ಆಟಗಾರರ ಸಂಬಳ ಒಟ್ಟುಗೂಡಿಸಿ ಒಬ್ಬ ದೊಡ್ಡವನನ್ನು ಬದಲಾಯಿಸಿಕೊಳ್ಳುವಂತಿಲ್ಲ, ವಿನಿಮಯದಲ್ಲಿ ನಗದು ಕೊಡುವಂತಿಲ್ಲ. 2024ರಲ್ಲಿ ಕಪ್ ಗೆದ್ದ ಬಾಸ್ಟನ್ ಸೆಲ್ಟಿಕ್ಸ್ ಮರುವರ್ಷವೇ ಜ್ರೂ ಹಾಲಿಡೇಯನ್ನೂ ಪೋರ್ಜಿಂಗಿಸ್‌ನನ್ನೂ ಕಳಿಸಿಕೊಟ್ಟದ್ದು ಈ ಏಪ್ರನ್ನಿಗೆ ಹೆದರಿಯೇ. ಗೆದ್ದ ತಂಡ ಸೋತದ್ದಕ್ಕೆ ಒಡೆದದ್ದಲ್ಲ, ಗೆದ್ದದ್ದಕ್ಕೆ ಒಡೆದದ್ದು.

ಎದುರಿಗೆ ಕೂತಿದ್ದ ಒಬ್ಬರಿಗೆ ಸಹನೆ ತಪ್ಪಿತು. "ನಮ್ಮ ಆರ್‌ಸಿಬಿ ಲೆಕ್ಕ ಎಷ್ಟು ಸಲೀಸು ನೋಡಿ" ಎಂದರು. ಅವರು ಹೇಳಿದ್ದು ನಿಜವೇ. 2025ರ ಐಪಿಎಲ್‌ಗೆ ತಂಡಕ್ಕೆ 120 ಕೋಟಿ ರೂಪಾಯಿ, ಹೆಚ್ಚೆಂದರೆ 25 ಜನ, ಮಾತು ಮುಗಿಯಿತು. ಕೊಹ್ಲಿಗೆ 21, ಪಾಟಿದಾರ್‌ಗೆ 11, ಯಶ್ ದಯಾಳ್‌ಗೆ 5 ತೆಗೆದಿಟ್ಟು ಉಳಿದ 83 ಕೋಟಿ ಹಿಡಿದು ಜೆದ್ದಾದ ಹರಾಜಿಗೆ ಹೋದರು. ನಮ್ಮ ಕೆ.ಎಲ್. ರಾಹುಲ್ 14 ಕೋಟಿಗೆ ಡೆಲ್ಲಿಯ ಪಾಲಾದಾಗ ಇಡೀ ಬೋಗಿ ಸೂತಕದ ಮನೆಯಂತಿತ್ತು. ಮುಂದಿನ ಜೂನ್ 3ರಂದು ಕಪ್ ಬಂತು. ಅದೇ ಬೋಗಿಯವರು "ಹರಾಜಿನ ದಿನವೇ ಹೇಳಿದ್ದೆ" ಎಂದರು.

ನನಗೆ ಗೊತ್ತಿರುವ ತಂಡಗಳೇ ಬೇರೆ. ನಮ್ಮ ಕಾಲದಲ್ಲಿ ಬ್ಯಾಸ್ಕೆಟ್‌ಬಾಲ್ ಅಂದರೆ ರೈಲ್ವೆ, ಬ್ಯಾಂಕು, ಕಾರ್ಖಾನೆ. ಆಡುವವನಿಗೆ ಕ್ರೀಡಾ ಕೋಟಾದಲ್ಲಿ ಗುಮಾಸ್ತನ ಕೆಲಸ. ಆ ಪೇ ಸ್ಕೇಲೇ ಸಂಬಳದ ಮಿತಿ. ಅದನ್ನು ದಾಟಿದ ಒಬ್ಬನನ್ನೂ ನಾನು ನೋಡಿಲ್ಲ. ಎತ್ತರದ ಹುಡುಗ ಸೇರಿದನೆಂದರೆ ಮೊಣಕಾಲು ಹೋದರೂ, ಹೊಟ್ಟೆ ಬಂದರೂ, ನಿವೃತ್ತಿಯವರೆಗೆ ಇನ್‌ಕ್ರಿಮೆಂಟು ತಪ್ಪದು. ಕೌಂಟರಿನ ಹಿಂದೆ ಆರೂಕಾಲು ಅಡಿಯ ಮನುಷ್ಯ ಬಗ್ಗಿ ಪಾಸ್‌ಬುಕ್ಕಿಗೆ ಎಂಟ್ರಿ ಹಾಕುತ್ತಿದ್ದರೆ ಅವನು ಒಂದಾನೊಂದು ಕಾಲದ ಸೆಂಟರ್ ಎಂದು ತಿಳಿಯಬೇಕು. ಆಟಗಾರರನ್ನು ಬದಲಾಯಿಸಿಕೊಳ್ಳುವ ಗೊಡವೆಯೂ ಇರಲಿಲ್ಲ. ಹಾಗಂತ ಆಗೇ ಇಲ್ಲವೆಂದಲ್ಲ. ಬೆಂಗಳೂರಿನ ವಿಜಯಾ ಬ್ಯಾಂಕಿಗೆ ಒಳ್ಳೆಯ ತಂಡವಿತ್ತು. 2019ರ ಏಪ್ರಿಲ್ 1ಕ್ಕೆ ಬ್ಯಾಂಕೇ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. ಮೇಜು, ಕುರ್ಚಿ, ಲಾಕರು ಸಮೇತ ಟ್ರೇಡ್! ಎನ್‌ಬಿಎಯವರಿಗೆ ಇಂಥ ಧೈರ್ಯ ಎಲ್ಲಿಂದ ಬರಬೇಕು.

ಆ ಜುಲೈ 1ರ ದೊಡ್ಡ ಸುದ್ದಿ ಡೇಮಿಯನ್ ಲಿಲರ್ಡ್‌ನದು. ಮಿಲ್ವಾಕಿ ಬಕ್ಸ್ ತಂಡದ ಈ ಆಟಗಾರನಿಗೆ ಏಪ್ರಿಲ್‌ನಲ್ಲಿ ಹಿಮ್ಮಡಿಯ ಸ್ನಾಯುರಜ್ಜು ಹರಿದಿತ್ತು. ಇನ್ನೂ ಎರಡು ವರ್ಷದ ಕರಾರು, ಸುಮಾರು 11.3 ಕೋಟಿ ಡಾಲರ್ ಬಾಕಿ. ಇಂಡಿಯಾನಾದ ಮೈಲ್ಸ್ ಟರ್ನರ್‌ನನ್ನು ಕರೆತರಲು ಸಂಬಳದ ಮಿತಿಯಲ್ಲಿ ಜಾಗ ಬೇಕಿತ್ತು. ಬಕ್ಸ್ ಏನು ಮಾಡಿತು? ಲಿಲರ್ಡ್‌ನನ್ನು ಬಿಟ್ಟುಕೊಟ್ಟು, ಎರಡು ವರ್ಷದ ಬಾಕಿಯನ್ನು ಐದು ವರ್ಷಕ್ಕೆ ಎಳೆಯಿತು. ಉಳಿದ ವರ್ಷಗಳ ಎರಡರಷ್ಟಕ್ಕೆ ಇನ್ನೊಂದು ಸೇರಿಸಿ ಕಂತು ಮಾಡಬಹುದೆಂದು ನಿಯಮವೇ ಹೇಳುತ್ತದೆ. ವರ್ಷಕ್ಕೆ 2.25 ಕೋಟಿ ಡಾಲರ್, 2030ರವರೆಗೆ, ತಮ್ಮಲ್ಲಿ ಆಡದವನಿಗೆ. ಅವನೋ ಅದೇ ತಿಂಗಳು ತನ್ನ ಹಳೆಯ ಪೋರ್ಟ್‌ಲ್ಯಾಂಡ್‌ಗೆ ಹೋಗಿ ಮೂರು ವರ್ಷಕ್ಕೆ 4.2 ಕೋಟಿಗೆ ಇನ್ನೊಂದು ರುಜು ಹಾಕಿದ. ಕಾಲಿಗೆ ಪಟ್ಟಿ, ಎರಡು ಕಡೆ ಸಂಬಳ.

ಪಕ್ಕದ ಮನೆಯ ತಾತ ಚಾಂಪಿಯನ್ ರೀಫ್ ಚಿನ್ನದ ಗಣಿಯಲ್ಲಿ ನೆಲದಡಿ ದುಡಿದವರು. ಜಗಲಿಯಲ್ಲಿ ಕೂತು ಪೂರ್ತಿ ಕೇಳಿಸಿಕೊಂಡರು. ಅವರಿಗೆ ಏಪ್ರನ್ ಗಿಪ್ರನ್ ತಲೆಗೆ ಹೋಗಲಿಲ್ಲ, ಲಿಲರ್ಡ್ ಮಾತ್ರ ಸರಿಯಾಗಿ ಹೋದ.

"ಪೆಟ್ಟಾದವನ್ನ ಮನೆಗೆ ಕಳಿಸಿ, ದುಡ್ಡು ಮಾತ್ರ ತಪ್ಪದೆ ಕೊಡ್ತಾರಾ ತಂಬಿ?"

"ಹೌದು ತಾತ. ವೇವ್ ಮಾಡೋದು ಅಂತಾರೆ."

"ನಮ್ಮನ್ನ 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿ ಇಡೀ ಟೀಮನ್ನೇ ವೇವ್ ಮಾಡಿದ್ರು. ಪೋರ್ಟ್‌ಲ್ಯಾಂಡ್‌ನೋರು ಯಾರೂ ಬರ್ಲಿಲ್ಲ" ಎಂದು ಬಾಯಿಯಲ್ಲಿದ್ದ ಎಲೆಯಡಿಕೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಸಿದರು. ಅಳಿಯ ಮೊದಲ ಬಾರಿಗೆ ಫೋನ್ ಕೆಳಗಿಟ್ಟ. ತಾತ ನಗುತ್ತಿದ್ದರು, ನಾವೂ ನಕ್ಕೆವು.

ಮಿಲ್ವಾಕಿಯ ವಿಷಯದಲ್ಲಿ ನನ್ನ ತೀರ್ಮಾನ ಇಷ್ಟೇ: ಟರ್ನರ್ ಒಳ್ಳೆಯ ಆಟಗಾರ, ಆದರೆ ಆ ಲೆಕ್ಕ ಬರೆದವನ ಕೈಗೆ ನಮ್ಮ ಬೀದಿಯ ಚೀಟಿಯನ್ನು ಕೊಡಲಾರೆ. ಅಳಿಯ ಒಪ್ಪುವುದಿಲ್ಲ. ಸಂಬಳದ ಮಿತಿ ಆಟಗಾರರನ್ನು ಹಿಡಿಯಲು ಅಲ್ಲ, ದುಡ್ಡು ಚೆಲ್ಲುವ ಮಾಲೀಕರನ್ನು ಅವರಿಂದಲೇ ಕಾಪಾಡಲು ಎನ್ನುವುದು ಅವನ ವಾದ. ಅದರಲ್ಲಿ ಹುರುಳಿದೆ, ಅವನೆದುರು ಹೇಳುವುದಿಲ್ಲ.

ನೀವು ಈ ಮಾರ್ಗದಲ್ಲಿ ಓಡಾಡುವವರಾದರೆ ಒಂದು ಮಾತು. ಜುಲೈ ಮೊದಲ ವಾರ ಸಂಜೆಯ ರೈಲಿನಲ್ಲಿ ಪಕ್ಕದ ಹುಡುಗ "ಸೆಕೆಂಡ್ ಏಪ್ರನ್" ಎಂದು ಬಾಯಿ ತೆರೆದರೆ ವಾದಕ್ಕೆ ನಿಲ್ಲಬೇಡಿ. ಬಂಗಾರಪೇಟೆಯಲ್ಲಿ ಇಳಿದು, ಕುಡಿಯುವ ನೀರಿನಷ್ಟು ತಿಳಿಯಾಗಿ ಕಾಣುವ ಆ ಖಾರದ ಪಾನಿಯಲ್ಲಿ ಒಂದು ಪ್ಲೇಟ್ ಪೂರಿ ತಿಂದು, ಮುಂದಿನ ಗಾಡಿಗೆ ಬನ್ನಿ.