ಮಗಳ ಪೇಸ್ಲಿಪ್ಪೂ ಮನೆಯ ಹಣಕಾಸು ಮಂತ್ರಿಯೂ

ನಮ್ಮ ಮನೆಗೆ ಹಣಕಾಸು ಮಂತ್ರಿ ನಾನೇ. ಬಜೆಟ್ ದಿನ ಟೀವಿ ಮುಂದೆ ಕೂತು ತಲೆಯಾಡಿಸುವುದು, ತರಕಾರಿ ಚೀಟಿಯ ಲೆಕ್ಕವನ್ನು ಹೆಂಡತಿಗೆ ಒಪ್ಪಿಸುವುದು, ಇವೆರಡೇ ನನ್ನ ಖಾತೆಗಳು. ಬಿ.ಕಾಂ. ಓದುತ್ತಲೇ ಸಂಜೆ ಬಟ್ಟೆ ಅಂಗಡಿಗೆ ಸೇರಿದ ಮಗಳು ಮೊದಲ ಪೇಸ್ಲಿಪ್ ತಂದಾಗ ಇಲಾಖೆ ಜಾಗೃತವಾಯಿತು. 12,000 ಎಂದವರು ಕೊಟ್ಟಿದ್ದು 10,470!

"ಹಗಲು ದರೋಡೆ! ವೃತ್ತಿ ತೆರಿಗೆ ಹಿಡಿದಿದ್ದಾರೆ," ಎಂದು ಗುಡುಗಿದೆ.

"ಅದು ತಿಂಗಳ ಸಂಬಳ 25,000 ಮುಟ್ಟಿದ ಮೇಲೆ ಅಪ್ಪ. ಆದಾಯ ತೆರಿಗೆಯಂತೂ ನನ್ನ ಸಂಬಳ ನೋಡಿ ನಮ್ಮ ಬೀದಿಗೇ ಬರಲ್ಲ. ಇದು ಪಿಎಫ್ 1,440, ಇಎಸ್‌ಐ 90."

ನೂರಕ್ಕೆ ಹನ್ನೆರಡು ಪಿಎಫ್‌ಗೆ, ಮುಕ್ಕಾಲು ರೂಪಾಯಿ ಇಎಸ್‌ಐಗೆ. ಅಂಗಡಿಯವರೂ ಪಿಎಫ್‌ಗೆ ಅಷ್ಟೇ ಕಟ್ಟಬೇಕಂತೆ. ಅದರಲ್ಲಿ ಸುಮಾರು 1,000 ಪಿಂಚಣಿಗೆ, ಉಳಿದ 440 ಅವಳ ಖಾತೆಗೆ. ಇಎಸ್‌ಐಗೆ ಬೇರೆ 390.

"ಸದ್ಯಕ್ಕೆ ಆ ದುಡ್ಡು ತೆಗೆದು ಒಂದು ಮಿಕ್ಸಿ..." ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ಅಡುಗೆಮನೆಯಿಂದಲೇ, "ಪಿಎಫ್ ಅಂದ್ರೆ ನನ್ನ ಸಾಸಿವೆ ಡಬ್ಬಿ ಇದ್ದ ಹಾಗೆ ರೀ. ನಿಮ್ಮಂಥವರ ಕೈಗೆ ಸಿಗಬಾರದು ಅಂತಲೇ ಇರೋದು," ಎಂದಳು. 2024-25ಕ್ಕೆ ಪಿಎಫ್ ಕೊಟ್ಟ ಬಡ್ಡಿ 8.25%. ಡಬ್ಬಿಯಿಂದ ನಾನು ಎತ್ತಿದ ಸಾಲಗಳಿಗೆ ಅವಳು ಹಾಕುವ ಬಡ್ಡಿ ಅದಕ್ಕಿಂತ ಬಹಳ ಜಾಸ್ತಿ, ಅದೂ ಮಾತಿನಲ್ಲಿ.

"ಓದೋ ಹುಡುಗರಲ್ವಾ" ಎಂದು ಟ್ರೈನಿ ಹಣೆಪಟ್ಟಿ ಹಚ್ಚಿ, ವೋಚರಿಗೆ ಸಹಿ ಹಾಕಿಸಿ ಕೈಗೆ ನೋಟು ತುರುಕುವ ಅಂಗಡಿಗಳೂ ಉಂಟು. ಅಲ್ಲಿ ಕಡಿತವಿಲ್ಲ, ಹುಷಾರು ತಪ್ಪಿದರೆ ಕೇಳುವವರೂ ಇಲ್ಲ. ಕಾಯ್ದೆ ಪ್ರಕಾರ ಅಪ್ರೆಂಟಿಸ್ ಆದವರ ಮಾತು ಬೇರೆ. ಸೀರೆ ಮಡಚುವವಳು ಸಂಜೆ ಹೊತ್ತು ಮಡಚಿದಳೆಂದು ಕೆಲಸಗಾರಳಲ್ಲದೆ ಹೋಗುತ್ತಾಳೆಯೇ?

ಇಎಸ್‌ಐನಲ್ಲಿ ಅವಲಂಬಿತ ಅಪ್ಪ ಅಮ್ಮನಿಗೂ ಚಿಕಿತ್ಸೆ ಸಿಗುತ್ತದೆಂದು ಗೊತ್ತಾದದ್ದೇ ನನ್ನ ಮಂಡಿ ನೋವು ಹೆಚ್ಚಾಯಿತು. ಕುಂಟುತ್ತಲೇ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಗೆ ಯಾವ ಬಸ್ಸು ಎಂದು ವಿಚಾರಿಸಿದೆ. ಮಗಳು ತಡೆದಳು: "ಅವಲಂಬಿತರು ಅನ್ನಿಸಿಕೊಳ್ಳೋಕೆ ನಿನ್ನ ತಿಂಗಳ ಆದಾಯ 9,000 ದಾಟಬಾರದು ಅಪ್ಪ."

"ಕಾಗದದ ಮೇಲೆ ದಾಟುತ್ತೆ. ಒಂದನೇ ತಾರೀಖು ಸಾಯಂಕಾಲದ ಹೊತ್ತಿಗೆ ಎಷ್ಟು ಉಳಿದಿರುತ್ತೆ ಅಂತ ನಿಮ್ಮಮ್ಮನ್ನ ಕೇಳು. ಬೇಕಾದ್ರೆ ಅಫಿಡವಿಟ್ ಕೊಡ್ತಾಳೆ."

"ಕೊಡಲ್ಲ," ಎಂದಿತು ಅಡುಗೆಮನೆ.

ಮಗಳು ಆಗಲೇ ಮೊಬೈಲಿನಲ್ಲಿ ಪಿಎಫ್ ತಾಣ ತೆರೆದು, ಹನ್ನೆರಡು ಅಂಕಿಯ ಯುಎಎನ್ ಒತ್ತುತ್ತಿದ್ದಳು. ಮುಂದೆ ಯಾವ ಕೆಲಸಕ್ಕೆ ಹೋದರೂ ಇದೇ ನಂಬರಂತೆ. ನಾಮಿನಿ ಕಾಲಂನಲ್ಲಿ ಅಮ್ಮನ ಹೆಸರು ಬಿತ್ತು.

"ಮತ್ತೆ ನಾನು?"

"ನನ್ನ ಆಧಾರಿಗೆ ನಿನ್ನ ನಂಬರಲ್ವಾ ಇರೋದು? ಒಟಿಪಿ ಬಂದಿರುತ್ತೆ, ಬೇಗ ಹೇಳಪ್ಪ."

ಕನ್ನಡಕ ಹುಡುಕುವಷ್ಟರಲ್ಲಿ ಅದರ ಅವಧಿ ಮುಗಿದಿತ್ತು.