ಹೂಟಗಳ್ಳಿಯಿಂದ ಕ್ವೆರಿಯರ್ ಸಾಹೇಬರಿಗೆ

ಮಾನ್ಯ ಐಜಿಎಂಪಿ ಕ್ವೆರಿಯರ್ ಸಾಹೇಬರಿಗೆ, ಮೈಸೂರಿನ ಹೂಟಗಳ್ಳಿ ಕೈಗಾರಿಕಾ ಪ್ರದೇಶದ ಒಬ್ಬ ನೆಟ್‌ವರ್ಕ್ ನೌಕರನ ನಮಸ್ಕಾರಗಳು.

ವಿಷಯ: 125 ಸೆಕೆಂಡಿಗೊಮ್ಮೆ ಕೇಳಬೇಕಾದ ಒಂದೇ ಒಂದು ಪ್ರಶ್ನೆಯನ್ನೂ ತಾವು ಕೇಳದಿರುವ ಕುರಿತು.

ಸ್ವಾಮಿ, ತಮ್ಮ ಕೆಲಸ ಬೆಟ್ಟ ಹೊರುವಂಥದ್ದೇನಲ್ಲ. ‘ಯಾವ ಗುಂಪಿನ ಪ್ರಸಾರ ಇನ್ನೂ ಯಾರಿಗೆ ಬೇಕು?’ ಎಂದು ಎರಡು ನಿಮಿಷಕ್ಕೊಮ್ಮೆ ಕೂಗಬೇಕು, ಅಷ್ಟೇ. ಬೇಕಾದವರು ಹತ್ತು ಸೆಕೆಂಡಿನೊಳಗೆ ಕೈ ಎತ್ತುತ್ತಾರೆ. ಸ್ವಿಚ್ಚು ಅದನ್ನು ಕದ್ದು ಕೇಳಿಸಿಕೊಂಡು, ಕೈ ಎತ್ತಿದವರ ಪೋರ್ಟಿಗೆ ಮಾತ್ರ ವಿಡಿಯೊ ಬಿಡುತ್ತದೆ. ಈ ಚಾಳಿಗೆ ಸ್ನೂಪಿಂಗ್ ಎಂದು ಹೆಸರು. ಎಷ್ಟೋ ಸ್ವಿಚ್ಚುಗಳಲ್ಲಿ ಅದು ಡಬ್ಬ ಒಡೆಯುವಾಗಲೇ ಆನ್ ಆಗಿರುತ್ತದೆ. ತಾವು ಮಾತ್ರ ಆಫ್ ಆಗಿರುತ್ತೀರಿ. ಕದ್ದು ಕೇಳುವವನು ಹಾಜರು, ಪ್ರಶ್ನೆ ಕೇಳುವವನು ಗೈರು. ಇದರಲ್ಲಿ ನಮಗೇನೂ ಹೊಸತು ಕಾಣಲಿಲ್ಲ ಬಿಡಿ.

ನಮ್ಮಲ್ಲಿ ಆದದ್ದಿಷ್ಟು. ಎಂಡಿಯವರ ವಾರ್ಷಿಕ ಭಾಷಣವನ್ನು ಎಲ್ಲ ಮಹಡಿಯ ಟಿವಿಗಳಿಗೂ ಮಲ್ಟಿಕಾಸ್ಟಿನಲ್ಲಿ, ಅಂದರೆ ಗುಂಪಿನ ಪ್ರಸಾರದಲ್ಲಿ, ಬಿಟ್ಟೆವು. ಭಾಷಣ ‘ಮುಂದಿನ ವರ್ಷ ನಮ್ಮ ಸಂಸ್ಥೆ’ ಎನ್ನುವಲ್ಲಿಗೆ ಬಂದು ನಿಂತಿತು. ತೆರೆದ ಬಾಯಿ, ಎತ್ತಿದ ತೋರುಬೆರಳು, ಹಣೆಯ ಮೇಲೆ ಹಸಿರು ಚೌಕಗಳು. ರಿಮೋಟಿನಲ್ಲಿ ಚಾನೆಲ್ ಬದಲಿಸಿ ವಾಪಸ್ ಬಂದರೆ ಎಂಡಿ ಮತ್ತೆ ಮಾತಾಡುತ್ತಾರೆ. ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡಿಗೆ ಮತ್ತೆ ಬಾಯಿ ತೆರೆದು ನಿಲ್ಲುತ್ತಾರೆ. ಕ್ಯಾಂಟೀನಿನಿಂದ ಒಂದು ದೂರೂ ಬರಲಿಲ್ಲ ಎಂಬುದನ್ನು ದಾಖಲೆಗಾಗಿ ಹೇಳಿರುತ್ತೇನೆ.

ಆ ಲೆಕ್ಕ ತಮಗೇ ಗೊತ್ತು. 125ರ ಎರಡರಷ್ಟು, ಮೇಲೆ 10, ಒಟ್ಟು 260 ಸೆಕೆಂಡು. ಅಷ್ಟರೊಳಗೆ ಯಾರೂ ಕೈ ಎತ್ತದಿದ್ದರೆ ಸ್ವಿಚ್ಚು ಹೆಸರು ಹೊಡೆದುಹಾಕುತ್ತದೆ. ಕೇಳುವವರೇ ಇಲ್ಲದ ಮೇಲೆ ಕೈ ಎತ್ತುವುದು ಯಾರ ಮುಂದೆ? ಚಾನೆಲ್ ಬದಲಿಸಿದಾಗ ಟಿವಿ ತಾನಾಗಿಯೇ ಒಮ್ಮೆ ಕೈ ಎತ್ತುತ್ತದೆ. ಎಂಡಿಯವರಿಗೆ ಮತ್ತೆ ಮತ್ತೆ ಜೀವ ಬಂದದ್ದು ಅದರಿಂದ.

‘ಅದೆಲ್ಲ ಯಾಕ್ರೀ, ಎಲ್ಲರಿಗೂ ಬ್ರಾಡ್‌ಕಾಸ್ಟ್ ಮಾಡಿಬಿಡಿ’ ಅಂದರು ನಮ್ಮ ಮ್ಯಾನೇಜರ್. 1935ರಲ್ಲಿ ಇದೇ ಮೈಸೂರಿನ ತಮ್ಮ ಮನೆಯಲ್ಲಿ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಆಕಾಶವಾಣಿ ಶುರು ಮಾಡಿದಾಗ ಅದು ನಡೆಯಿತು. ರೇಡಿಯೊ ಇದ್ದವರು ಕೇಳಿದರು, ಇಲ್ಲದವರ ನಿದ್ದೆ ಕೆಡಲಿಲ್ಲ. ನಮ್ಮಲ್ಲಿ ಹಾಗೆ ಮಾಡಿದರೆ ಪ್ರಿಂಟರು, ಹಾಜರಿ ಯಂತ್ರ, ಗೇಟಿನ ಕ್ಯಾಮೆರಾ ಎಲ್ಲವೂ ಪೂರ್ತಿ ಭಾಷಣ ಕೇಳಬೇಕಾಗುತ್ತದೆ. ಅವು ಮಾಡಿದ ಪಾಪವೇನು?

ತಮ್ಮ ಚುನಾವಣೆಯ ಬಗ್ಗೆಯೂ ಒಂದು ಮಾತು. ಒಂದೇ ಲ್ಯಾನಿನಲ್ಲಿ ಇಬ್ಬರು ಕ್ವೆರಿಯರ್‌ಗಳಿದ್ದರೆ ಅತಿ ಸಣ್ಣ ಐಪಿ ವಿಳಾಸದವನು ಗೆಲ್ಲುತ್ತಾನೆ. ಅದೇ ಲ್ಯಾನಿನಲ್ಲಿ, ರೂಟರುಗಳ ನಡುವೆ ಮಲ್ಟಿಕಾಸ್ಟಿಗೆ ದಾರಿ ಮಾಡುವ ಪಿಮ್ ಪ್ರೋಟೋಕಾಲಿನ ಡೆಸಿಗ್ನೇಟೆಡ್ ರೂಟರ್ ಹುದ್ದೆಗೆ, ಆದ್ಯತೆ ಸಮವಾಗಿದ್ದರೆ, ಅತಿ ದೊಡ್ಡ ವಿಳಾಸದವನು ಗೆಲ್ಲುತ್ತಾನೆ. ಠೇವಣಿ ಇಲ್ಲ, ರೆಸಾರ್ಟ್ ಇಲ್ಲ, ಪಕ್ಷಾಂತರವೂ ಇಲ್ಲ. ಇಷ್ಟು ಸುಲಭದ ಚುನಾವಣೆಗೂ ಅಭ್ಯರ್ಥಿ ನಿಲ್ಲದಿದ್ದರೆ ಹೇಗೆ ಸ್ವಾಮಿ?

ಕೊನೆಗೆ ಗೇಟ್‌ವೇ ರೂಟರಿನಲ್ಲಿ ಪಿಮ್ ಆನ್ ಮಾಡಿದೆವು, ಅದರ ಜೊತೆಗೇ ತಾವೂ ಪ್ರತ್ಯಕ್ಷರಾದಿರಿ. ಸಂತೋಷ. ಅದೇ ಧೈರ್ಯದಲ್ಲಿ ಪ್ರಸಾರವನ್ನು ಎರಡನೇ ಕಟ್ಟಡಕ್ಕೂ ಕೊಂಡೊಯ್ದೆವು. ಅಲ್ಲಿ ನಾಲ್ಕು ನಿಮಿಷದ ಭಾಗ್ಯವೂ ಇಲ್ಲ, ಬರೀ ಕಪ್ಪು ಪರದೆ. ಸ್ವಿಚ್ಚಿನವರು, ಫೈಬರ್ ಎಳೆದವರು, ಟಿವಿಯವರು, ಎಲ್ಲರದ್ದೂ ಒಂದೇ ಪಲ್ಲವಿ: ‘ಪಿಂಗ್ ಬರ್ತಿದೆ ಸಾರ್, ನಮ್ ಕಡೆ ಏನೂ ಪ್ರಾಬ್ಲಂ ಇಲ್ಲ.’ ಪಿಂಗ್ ಬರುತ್ತಿತ್ತು, ನಿಜ. ಪಿಂಗ್ ಹೋಗುವುದು ಒಬ್ಬನ ವಿಳಾಸಕ್ಕೆ. ನಮ್ಮ ಭಾಷಣ ಹೋಗಬೇಕಾದದ್ದು ಗುಂಪಿನ ವಿಳಾಸಕ್ಕೆ, 224ರಿಂದ 239ರವರೆಗಿನ ಅಂಕಿಗಳಿಂದ ಶುರುವಾಗುವ ವಿಳಾಸಗಳ ಲೋಕಕ್ಕೆ. ಪ್ಯಾಕೆಟ್ಟಿನ ದಾರಿ ಹುಡುಕುವ ಟ್ರೇಸ್‌ರೂಟೂ ಕೈಕೊಟ್ಟಿತು. ಅದು ಬದುಕುವುದೇ ದಾರಿಯಲ್ಲಿ ಸತ್ತ ಪ್ಯಾಕೆಟ್ಟಿನ ಸಾವಿನ ಸುದ್ದಿಯಿಂದ. ಗುಂಪಿಗೆ ಹೊರಟ ಪ್ಯಾಕೆಟ್ ಸತ್ತರೆ ಐಸಿಎಂಪಿ ಮೂಲಕ ಯಾರಿಗೂ ಸುದ್ದಿ ಕೊಡಕೂಡದು ಎಂದು 1989ರಿಂದಲೂ ನಿಯಮವಿದೆ. ನಿಯಮ ತಪ್ಪೆನ್ನಲಾರೆ, ಸಾವಿರ ದಾರಿಯಲ್ಲಿ ಸತ್ತರೆ ಕಳಿಸಿದವನ ಬಾಗಿಲಿಗೆ ಸಾವಿರ ತಂತಿ ಬಂದು ಬೀಳುತ್ತವೆ.

ಆಗ ಕೈ ಹಿಡಿದದ್ದು ಎಂಟ್ರೇಸ್, ಅಂದರೆ ಮಲ್ಟಿಕಾಸ್ಟಿನ ಟ್ರೇಸ್‌ರೂಟ್. ಅದು ಹೊರಡುವುದು ಕೊಡುವವನ ಮನೆಯಿಂದಲ್ಲ, ಸಿಗದವನ ಮನೆಯಿಂದ. ಕಪ್ಪು ಪರದೆಯ ಪಕ್ಕದ ರೂಟರಿನಿಂದ ಹಿಂದಕ್ಕೆ, ಮೂಲದ ಕಡೆಗೆ, ಮೇಜಿನಿಂದ ಮೇಜಿಗೆ ಸರಿಯುವ ಕಡತದಂತೆ ಹೋಗುತ್ತದೆ. ಪ್ರತಿ ರೂಟರೂ ತನ್ನ ಟಿಪ್ಪಣಿ ಬರೆಯಬೇಕು: ಯಾವ ಬಾಗಿಲಿಂದ ಬರಬೇಕಿತ್ತು, ಯಾವ ಬಾಗಿಲಿಗೆ ಬಿಡುತ್ತೇನೆ, ಎಷ್ಟು ಪ್ಯಾಕೆಟ್ ದಾಟಿಸಿದೆ, ಬಿಡದಿದ್ದರೆ ಕಾರಣವೇನು. ಕಾರಣಗಳಿಗೆ ಸಂಕೇತಗಳೇ ಇವೆ: ತಪ್ಪು ಬಾಗಿಲು, ದಾರಿ ಇಲ್ಲ, ಆಡಳಿತದ ಅನುಮತಿ ಇಲ್ಲ. ‘ಮಾಹಿತಿ ಮುಚ್ಚಿಡಲಾಗಿದೆ’ ಎಂಬುದಕ್ಕೂ ಒಂದು ಸಂಕೇತವಿದೆ. ಅದನ್ನು ಸೇರಿಸಿದ ಪುಣ್ಯಾತ್ಮ ನಮ್ಮ ಯಾವುದೋ ಕಚೇರಿಯಲ್ಲಿ ಮಾಹಿತಿ ಹಕ್ಕಿನ ಅರ್ಜಿ ಹಾಕಿದ್ದನೇನೋ.

ನಮ್ಮ ಕಡತ ಎರಡನೇ ಮೇಜಿನಲ್ಲೇ ನಿಂತಿತು. ಕಾರಣ: ಈ ಬಾಗಿಲಲ್ಲಿ ಮಲ್ಟಿಕಾಸ್ಟ್ ಇಲ್ಲ. ಎರಡು ಕಟ್ಟಡಗಳ ನಡುವೆ ಗುತ್ತಿಗೆದಾರರು ವೇಗದ ಹೊಸ ಲಿಂಕ್ ಹಾಕಿದ್ದರು. ಮೂಲಕ್ಕೆ ಅದೇ ಹತ್ತಿರದ ದಾರಿ ಎಂದು ರೂಟಿಂಗ್ ಟೇಬಲ್ ನಂಬಿತು, ‘ನಮಗೂ ಬೇಕು’ ಎಂಬ ಕೋರಿಕೆಯನ್ನೂ ಆ ಕಡೆಗೇ ತಿರುಗಿಸಿತು. ಹೊಸ ಲಿಂಕಿನಲ್ಲಿ ಪಿಮ್ ಆನ್ ಮಾಡಿರಲಿಲ್ಲ. ಹಳೆಯ ಲಿಂಕಿನಲ್ಲಿ ಎಲ್ಲವೂ ಇತ್ತು. ಆ ಕಡೆ ಯಾರೂ ತಿರುಗಿ ನೋಡಲಿಲ್ಲ. ಎರಡು ಇಂಟರ್‌ಫೇಸಿನಲ್ಲಿ ತಲಾ ಒಂದು ಸಾಲು ಬರೆದೆವು, ಚಿತ್ರ ಬಂತು. ಆ ಹೊತ್ತಿಗೆ ಭಾಷಣ ಮುಗಿದು ಕೇಸರಿಬಾತೂ ಖಾಲಿಯಾಗಿತ್ತು.

ಆದ್ದರಿಂದ ತಮ್ಮಲ್ಲಿ ವಿನಂತಿ: ಪ್ರತಿ ವಿಲ್ಯಾನಿನಲ್ಲೂ ತಮ್ಮ ಒಂದು ಖುರ್ಚಿ ಇರಲಿ, ಅದರಲ್ಲಿ ತಾವೂ ಇರಿ. ಹೂಟಗಳ್ಳಿ, ಹೆಬ್ಬಾಳ, ಕೂರ್ಗಳ್ಳಿಯ ಸಹೋದ್ಯೋಗಿಗಳಲ್ಲಿ ಬೇರೆ ವಿನಂತಿ: ಹೊಸ ಸ್ವಿಚ್ಚಿನ ಬಿಲ್ಲಿಗೆ ಸಹಿ ಹಾಕುವ ಮೊದಲು ಕ್ವೆರಿಯರ್ ಯಾರು ಎಂದು ಕೇಳಿ, ಹೊಸ ಲಿಂಕ್ ಬಂದರೆ ಪಿಂಗ್ ನೋಡಿ ಎದ್ದು ಹೋಗಬೇಡಿ, ಟಿವಿಯ ಮುಂದೆ ಐದು ನಿಮಿಷ ಕೂತು ನೋಡಿ. ನಾಲ್ಕು ನಿಮಿಷ ಸಾಲದು.

ಇಂತಿ,
ಹೂಟಗಳ್ಳಿಯ ಒಬ್ಬ ನೆಟ್‌ವರ್ಕ್ ನೌಕರ